ಗಾಂಡೀವವನ್ನು ಕೆಳಗಿಟ್ಟ ಮೇಲೆ

ನವರಾತ್ರಿಯ ಒಂಬತ್ತನೆಯ ದಿನ ಕನ್ನಡ ನಾಡಿನ ಉದ್ದಗಲಕ್ಕೂ ಆಯುಧಪೂಜೆ ನಡೆಯುತ್ತದೆ. ಕಮ್ಮಾರನ ಸುತ್ತಿಗೆ, ದರ್ಜಿಯ ಹೊಲಿಗೆ ಯಂತ್ರ, ಚಾಲಕನ ವಾಹನ, ಅಡಿಗೆಯವನ ಸೌಟು, ವಿದ್ಯಾರ್ಥಿಯ ಪುಸ್ತಕ, ಎಲ್ಲವೂ ಅಂದು ಅರಿಸಿನ ಕುಂಕುಮ ಹೂವುಗಳಿಂದ ಅಲಂಕೃತವಾಗಿ ದೇವರ ಸನ್ನಿಧಿಯಲ್ಲಿ ಮಂಡಿಸುತ್ತವೆ. ಅನ್ನ ಕೊಟ್ಟ ಸಾಧನವನ್ನು ವರ್ಷಕ್ಕೊಮ್ಮೆಯಾದರೂ ಕೃತಜ್ಞತೆಯಿಂದ ನೆನೆಯಬೇಕೆಂಬ ಹಿರಿಯರ ವಿವೇಕ ಮೆಚ್ಚತಕ್ಕದ್ದು. ಆದರೆ ಆಯುಧವನ್ನು ಕೈಗೆತ್ತಿಕೊಳ್ಳಲು ಮುಹೂರ್ತವಿರುವಂತೆ ಅದನ್ನು ಕೆಳಗಿಡಲೂ ಒಂದು ಗಳಿಗೆ ಕಾದಿರುತ್ತದೆ. ಆ ಗಳಿಗೆಗೆ ಪಂಚಾಂಗದಲ್ಲಿ ಹಬ್ಬವಿಲ್ಲ, ಅದಕ್ಕೆ ಮಂಗಳವಾದ್ಯವಿಲ್ಲ. ಕೈ ಬರಿದಾದ ಮೇಲೆ ಆ ಕೈಯಿಂದ ಮಾಡತಕ್ಕದ್ದೇನು ಎಂಬ ಪ್ರಶ್ನೆಯನ್ನು ಮನುಷ್ಯನು ಏಕಾಂತದಲ್ಲಿಯೇ ಎದುರಿಸಬೇಕಾಗುತ್ತದೆ.

ಸಾನಪಾಡಾದ ನಿವಾಸಿಗಳಿಗೆ ಈ ಪ್ರಶ್ನೆಯ ಒಂದು ಮುಖ ತೀರ ಸಮೀಪದಲ್ಲಿಯೇ ಕಂಡಿದೆ. ಇಲ್ಲಿಂದ ರೈಲು ಹತ್ತಿ ಜುಯಿನಗರವನ್ನು ದಾಟಿದರೆ ನೆರೂಳು, ಅಲ್ಲಿ ಡಿ. ವೈ. ಪಾಟೀಲ್ ಕ್ರೀಡಾಂಗಣ. 2025ರ ನವೆಂಬರ್ 2ರಂದು, ನಡುರಾತ್ರಿಯ ಹೊತ್ತಿಗೆ, ಭಾರತದ ಮಹಿಳಾ ಕ್ರಿಕೆಟ್ ತಂಡವು ಅಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಏಕದಿನ ವಿಶ್ವಕಪ್ಪನ್ನು ಮೊದಲ ಬಾರಿಗೆ ಗೆದ್ದಿತು. ಗೆದ್ದ ಹೆಣ್ಣುಮಕ್ಕಳು ಆ ಬಟ್ಟಲನ್ನು ತಮ್ಮಲ್ಲೇ ಇರಿಸಿಕೊಳ್ಳದೆ, ಮೈದಾನದಲ್ಲಿದ್ದ ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ ಮೊದಲಾದ ಹಿರಿಯರ ಕೈಗೆ ಕೊಟ್ಟು ಎತ್ತಿಸಿದರು. ಮಿಥಾಲಿ ಮತ್ತು ಝೂಲನ್ 2005ರಲ್ಲಿಯೂ 2017ರಲ್ಲಿಯೂ ಅಂತಿಮ ಪಂದ್ಯವನ್ನು ತಲುಪಿ ಸೋತವರು, 2022ರಲ್ಲಿ ನಿವೃತ್ತರಾದವರು. ಆಟ ಮುಗಿಸಿದವರ ಕೈಗೆ ಆಡುತ್ತಿರುವವರು ಫಲವನ್ನು ಒಪ್ಪಿಸಿದ ಆ ದೃಶ್ಯವನ್ನು ನೋಡಿದವರ ಕಣ್ಣು ತುಂಬಿದ್ದರೆ ಆಶ್ಚರ್ಯವಿಲ್ಲ. ಬಟ್ಟಲನ್ನು ಎತ್ತಿದ ಆ ಕೈಗಳು ಮರುದಿನ ಏನನ್ನು ಎತ್ತಬೇಕು? ವಿಚಾರಶೀಲರಾದವರು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಮಿಕ್ಕ ವೃತ್ತಿಗಳವರಿಗೆ ಇಳಿಹೊತ್ತು ಒಮ್ಮೆ ಬರುತ್ತದೆ. ಆಟಗಾರನಿಗೆ ಎರಡು ಬಾರಿ. ವಕೀಲನು ಅರುವತ್ತರಲ್ಲಿ ಪಳಗುತ್ತಾನೆ, ವೈದ್ಯನ ಕೈಗುಣ ವಯಸ್ಸಿನೊಡನೆ ಬೆಳೆಯುತ್ತದೆ, ಸಂಗೀತಗಾರನ ಕಂಠದಲ್ಲಿ ಎಪ್ಪತ್ತರಲ್ಲಿಯೂ ಹೊಸ ಹೊಳಪು ಕಾಣಬಹುದು. ಆಟಗಾರನ ಮಾತು ಬೇರೆ. ಬುದ್ಧಿ ಪಕ್ವವಾಗುವ ಹೊತ್ತಿಗೆ ಅವನ ಮೊಣಕಾಲು ಸೋತಿರುತ್ತದೆ. ಎಂಟು ಹತ್ತು ವರ್ಷದ ಬಾಲ್ಯದಿಂದ ಏಕನಿಷ್ಠೆಯಿಂದ ಕಲಿತ ಒಂದೇ ವಿದ್ಯೆ ಮೂವತ್ತೈದು ನಲವತ್ತಕ್ಕೆ ಕೈಬಿಡುತ್ತದೆ. ಮುಂದೆ ಇನ್ನೂ ಅರ್ಧ ಆಯುಷ್ಯ ಉಳಿದಿರುತ್ತದೆ. ನಿನ್ನೆಯವರೆಗೆ ಲಕ್ಷಾಂತರ ಜನ ಕೂಗಿದ ಹೆಸರು ಇಂದೂ ಅದೇ ಹೆಸರು. ಆದರೆ ಆ ಹೆಸರಿನ ಹಿಂದಿದ್ದ ಕೆಲಸ ಇಲ್ಲವಾಗಿದೆ.

ಹಿಂದಿನ ಕಾಲದಲ್ಲಿ ಈ ಸಂಕಟವನ್ನು ಬಡತನವೇ ಅರ್ಧ ಮರೆಸುತ್ತಿತ್ತು. 1976ರಲ್ಲಿ ಭಾರತದ ಮಹಿಳಾ ತಂಡವನ್ನು ಮೊದಲ ಟೆಸ್ಟ್ ಪಂದ್ಯದಲ್ಲಿ ಮುನ್ನಡೆಸಿದ ಶಾಂತಾ ರಂಗಸ್ವಾಮಿಯವರಿಗೆ ಕೆನರಾ ಬ್ಯಾಂಕಿನ ನೌಕರಿಯಿತ್ತು. ಮಣಿಕಟ್ಟಿನ ಮಾಂತ್ರಿಕರೆನಿಸಿದ ಗುಂಡಪ್ಪ ವಿಶ್ವನಾಥರು ಸ್ಟೇಟ್ ಬ್ಯಾಂಕಿನಲ್ಲಿದ್ದವರು. ಆ ತಲೆಮಾರಿನ ಅನೇಕರನ್ನು, ದಾಂಡನ್ನು ಕೆಳಗಿಟ್ಟ ಮರುದಿನ ಬೆಳಿಗ್ಗೆ, ಕಚೇರಿಯ ಹಾಜರಿ ಪುಸ್ತಕ ಕೂಗಿ ಕರೆಯುತ್ತಿತ್ತು. ಮನೆಯ ಬಾಡಿಗೆ, ಮಕ್ಕಳ ಶಾಲಾಶುಲ್ಕಗಳ ಚಿಂತೆಯ ಮಧ್ಯೆ ‘ನಾನು ಯಾರು’ ಎಂದು ಕೇಳಿಕೊಳ್ಳಲು ಅವರಿಗೆ ಬಿಡುವಿರಲಿಲ್ಲ. 2008ರಲ್ಲಿ ಐ.ಪಿ.ಎಲ್. ಪಂದ್ಯಗಳು ಆರಂಭವಾದ ಮೇಲೆ ಕ್ರಿಕೆಟ್ ಆಟಗಾರರಲ್ಲಿ ಕೆಲವರಾದರೂ ಮೊಮ್ಮಕ್ಕಳ ಕಾಲಕ್ಕೂ ಸಾಲುವಷ್ಟು ಸಂಪತ್ತನ್ನು ನಡುವಯಸ್ಸಿಗೆ ಮುಂಚೆಯೇ ಕೂಡಿಹಾಕುವಂತಾಯಿತು. ಅವರು ನಾಳೆಯಿಂದ ದುಡಿಯಬೇಕಾದ ಅಗತ್ಯವಿಲ್ಲ. ಸಮಸ್ಯೆಯಿರುವುದು ಇಲ್ಲಿಯೇ. ದುಡಿಯಲೇಬೇಕೆಂಬ ಒತ್ತಾಯವು ಸಾಮಾನ್ಯ ಮನುಷ್ಯನ ಬದುಕಿಗೆ ಅವನಿಗರಿಯದಂತೆಯೇ ಒಂದು ಅರ್ಥವನ್ನು ಒದಗಿಸುತ್ತಿರುತ್ತದೆ. ಒತ್ತಾಯ ತೀರಿದವನು ಆ ಅರ್ಥವನ್ನು ತಾನೇ ಅರಸಿಕೊಳ್ಳಬೇಕು. ಸಿರಿವಂತಿಕೆಯು ಹೊಟ್ಟೆಯ ಪ್ರಶ್ನೆಯನ್ನು ಪರಿಹರಿಸಿ ಬಾಳಿನ ಪ್ರಶ್ನೆಯನ್ನು ಅವನೆದುರಿಗೆ ಬತ್ತಲೆಯಾಗಿ ನಿಲ್ಲಿಸುತ್ತದೆ.

ಈ ಪ್ರಶ್ನೆಗೆ ಮೊದಲು ಸೋತವನು ಸಾಮಾನ್ಯನಲ್ಲ, ಸವ್ಯಸಾಚಿಯಾದ ಅರ್ಜುನನೇ. ಮಹಾಭಾರತದ ಕೊನೆಯ ಪರ್ವಗಳನ್ನು ಮನೆಗಳಲ್ಲಿ ಓದುವುದು ಕಡಿಮೆ. ಆದರೆ ನಿವೃತ್ತಿಯ ನೋವನ್ನು ಅಷ್ಟು ಸ್ಪಷ್ಟವಾಗಿ ಹೇಳಿದ ಗ್ರಂಥ ಅಪರೂಪ. ಶ್ರೀಕೃಷ್ಣನ ನಿರ್ಯಾಣದ ತರುವಾಯ ಯಾದವ ಸ್ತ್ರೀಯರನ್ನೂ ಐಶ್ವರ್ಯವನ್ನೂ ಕರೆದುಕೊಂಡು ದ್ವಾರಕೆಯಿಂದ ಹೊರಟ ಅರ್ಜುನನ ಮೇಲೆ ದಾರಿಯಲ್ಲಿ ಕಳ್ಳರು ದೊಣ್ಣೆ ಹಿಡಿದು ಬೀಳುತ್ತಾರೆ. ಗಾಂಡೀವಕ್ಕೆ ಹೆದೆಯೇರಿಸುವುದೇ ಅವನಿಗೆ ಪ್ರಯಾಸವಾಗುತ್ತದೆ. ದಿವ್ಯಾಸ್ತ್ರಗಳ ಮಂತ್ರಗಳು ನೆನಪಿಗೆ ಬರುವುದಿಲ್ಲ. ಬಾಣಗಳು ಮುಗಿದು, ಕೊನೆಗೆ ಬಿಲ್ಲಿನ ತುದಿಯಿಂದಲೇ ಹೊಡೆಯುವ ದುರವಸ್ಥೆ ಒದಗುತ್ತದೆ. ಅಸ್ತ್ರಗಳ ಕಾರ್ಯ ಮುಗಿಯಿತು, ಅವು ಬಂದಲ್ಲಿಗೆ ಹೋದವು ಎಂದು ವ್ಯಾಸರು ತಿಳಿಯಹೇಳುತ್ತಾರೆ. ಇಷ್ಟಾದರೂ ಮಹಾಪ್ರಸ್ಥಾನಕ್ಕೆ ಹೊರಟಾಗ ಅರ್ಜುನನು ಗಾಂಡೀವವನ್ನು ಬಿಟ್ಟಿರಲಿಲ್ಲ. ಆ ರತ್ನದ ಮೇಲಿನ ಆಸೆ ಅವನನ್ನು ಬಿಡಲಿಲ್ಲವೆಂದು ಕವಿಯೇ ಕಾರಣವನ್ನು ಕೊಡುತ್ತಾನೆ. ರಾಜ್ಯವನ್ನು ತ್ಯಜಿಸಿದವನಿಗೆ ಬಿಲ್ಲನ್ನು ತ್ಯಜಿಸುವುದು ಕಠಿಣವಾಯಿತು! ಅಗ್ನಿದೇವನು ದಾರಿಗಡ್ಡ ನಿಂತು, ಇದು ವರುಣನಿಂದ ತಂದುಕೊಟ್ಟದ್ದು, ಅವನಿಗೇ ಹಿಂದಿರುಗಿಸು ಎಂದು ಕೇಳಿದ ಮೇಲೆ ಅರ್ಜುನನು ಅದನ್ನು ನೀರಿಗೆ ಬಿಟ್ಟನು.

ದ್ವಾಪರದ ಈ ಕಥೆ ಕಲಿಯುಗದಲ್ಲಿಯೂ ನಡೆಯುತ್ತದೆ. ಸ್ವೀಡನ್ ದೇಶದ ಟೆನಿಸ್ ವೀರ ಬ್ಯೋರ್ನ್ ಬೋರ್ಗ್ 1976ರಿಂದ 1980ರವರೆಗೆ ಸತತವಾಗಿ ಐದು ಬಾರಿ ವಿಂಬಲ್ಡನ್ ಗೆದ್ದವನು. 1983ರಲ್ಲಿ, ಕೇವಲ 26ರ ಹರೆಯದಲ್ಲಿ, ಧನ ಕೀರ್ತಿಗಳೆರಡೂ ತುಂಬಿರುವಾಗ, ನಿವೃತ್ತಿಯನ್ನು ಸಾರಿದನು. 1991ರಲ್ಲಿ ಮಾಂಟೆ ಕಾರ್ಲೋದ ಅಂಗಣಕ್ಕೆ ಮರಳಿ ಬಂದಾಗ ಅವನ ಕೈಯಲ್ಲಿದ್ದುದು ಅದೇ ಹಳೆಯ ಮರದ ರ್‍ಯಾಕೆಟ್ಟು. ಅಷ್ಟರಲ್ಲಿ ಜಗತ್ತು ಮರವನ್ನು ಬಿಟ್ಟು ಹೊಸ ವಸ್ತುಗಳ ರ್‍ಯಾಕೆಟ್ಟುಗಳಿಗೆ ಹೋಗಿತ್ತು. ಅಂದು ಅವನು ನೇರ ಸೆಟ್ಟುಗಳಲ್ಲಿ ಸೋತನು. 1993ರವರೆಗೆ ನಡೆದ ಆ ಪುನರಾಗಮನದಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಅದು ಅವನ ದೋಷವೆಂದು ನಗುವುದು ಅನುಚಿತ. ತಾನು ಯಾರೆಂಬುದಕ್ಕೆ ಆಯುಧವೊಂದೇ ಉತ್ತರವಾಗಿದ್ದವನು ಆ ಉತ್ತರವನ್ನು ಮತ್ತೆ ಮತ್ತೆ ಹಿಡಿದು ನೋಡುವುದು ಮನುಷ್ಯಸಹಜ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ; ಕನ್ನಡಿಗರ ನಡುವೆಯೇ ಇದೆ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಮಂಟಪವೇ ಬಾಲಕ ಪ್ರಕಾಶ್ ಪಡುಕೋಣೆಯವರ ಬ್ಯಾಡ್ಮಿಂಟನ್ ಅಂಗಣವಾಗಿತ್ತು. ಮಂಟಪದಲ್ಲಿ ಮದುವೆಯಿದ್ದರೆ ಆಟಕ್ಕೆ ರಜೆ. ಅಂಥ ನೆಲದಲ್ಲಿ ಕಲಿತ ಹುಡುಗನು 1971ರಿಂದ 1979ರವರೆಗೆ ಸತತ ಒಂಬತ್ತು ಬಾರಿ ರಾಷ್ಟ್ರದ ಚಾಂಪಿಯನ್ನನಾದನು. 1980ರ ಮಾರ್ಚ್‌ನಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್‌ನನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯನೆನಿಸಿದನು. 1991ರಲ್ಲಿ ಆಟ ನಿಂತಿತು. ಆ ಹೆಸರಿನ ಬಲದಿಂದಲೇ ಉಳಿದ ಆಯುಷ್ಯವನ್ನು ಸನ್ಮಾನ ಸಮಾರಂಭಗಳಲ್ಲಿ ಸುಖವಾಗಿ ಕಳೆಯಬಹುದಾಗಿತ್ತು. ಅದನ್ನು ಬಿಟ್ಟು ಅವರು 1994ರಲ್ಲಿ ವಿಮಲ್ ಕುಮಾರ್ ಮೊದಲಾದವರೊಡಗೂಡಿ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿಯೊಂದನ್ನು ಆರಂಭಿಸಿದರು. ಮುಂಬಯಿಯ ಅಪರ್ಣಾ ಪೋಪಟ್ ಅಲ್ಲಿಗೆ ಹೋಗಿ ಕಲಿತರು. ಅಲ್ಲಿಯೇ ಪಳಗಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದರು. ಇಪ್ಪತ್ತೊಂದು ವರ್ಷ ಪ್ರಕಾಶರೊಬ್ಬರದೇ ಆಗಿದ್ದ ಗೌರವ ಅಂದು ಇಬ್ಬರದಾಯಿತು, ಮತ್ತು ಅದನ್ನು ಹಂಚಿಕೊಂಡವನು ಸ್ವಂತ ಗರಡಿಯ ಶಿಷ್ಯ. ಆ ಶಿಷ್ಯನೂ ಮುಂದೆ ಹೈದರಾಬಾದಿನಲ್ಲಿ ಗುರುವಾಗಿ ನಿಂತರು. ಅವರ ಕೈಕೆಳಗೆ ಸಾಧನೆ ಮಾಡಿದ ಸೈನಾ ನೆಹವಾಲ್ 2012ರಲ್ಲಿ, ಪಿ. ವಿ. ಸಿಂಧು 2016ರಲ್ಲಿ ಒಲಿಂಪಿಕ್ಸ್ ಪದಕಗಳನ್ನು ತಂದರು. ಮದುವೆ ಮಂಟಪದ ದೀಪದಿಂದ ಹೊತ್ತಿದ ಸೊಡರು ಎಲ್ಲಿಂದೆಲ್ಲಿಗೆ ಹೋಯಿತು!

ಇದರ ಹಿಂದಿರುವ ತತ್ತ್ವ ಹಳೆಯದು. ಮನುಷ್ಯನು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ಶಾಸ್ತ್ರಗಳು ಹೇಳುತ್ತವೆ: ದೇವಋಣ, ಪಿತೃಋಣ, ಋಷಿಋಣ. ದೇವತೆಗಳ ಋಣವು ಯಜ್ಞ ಪೂಜಾದಿಗಳಿಂದಲೂ, ತಂದೆತಾಯಿಗಳ ಋಣವು ಸಂತಾನದಿಂದಲೂ ತೀರುತ್ತವೆ. ಋಷಿಋಣದ ಲೆಕ್ಕ ವಿಚಿತ್ರವಾದುದು. ವಿದ್ಯೆಯನ್ನು ಕೊಟ್ಟ ಗುರುವಿಗೆ ಅದನ್ನು ಹಿಂದಕ್ಕೆ ಕೊಡಲು ಬರುವುದಿಲ್ಲ; ಅವನಲ್ಲಿ ಅದು ಮೊದಲೇ ಇದೆ. ಸಾಲ ಕೊಟ್ಟವನು ಒಬ್ಬ, ಮರುಪಾವತಿ ಪಡೆಯುವವನು ಇನ್ನೊಬ್ಬ. ಗುರುವಿನಿಂದ ಪಡೆದದ್ದನ್ನು ಶಿಷ್ಯನ ಖಾತೆಗೆ ಜಮೆ ಮಾಡಿದಾಗಲೇ ಅದು ಸಂದಾಯವಾಗುವುದು. ಧನದಿಂದ ಅದನ್ನು ತೀರಿಸಲಾಗದು. ಎಷ್ಟು ಕೋಟಿ ಠೇವಣಿಯಿದ್ದರೂ ಕಲಿತದ್ದನ್ನು ಕಲಿಸದವನು ಆ ಲೆಕ್ಕದಲ್ಲಿ ಬಾಕಿದಾರನೇ. ಸಿರಿವಂತನಿಗೆ ದುಡಿಯುವ ಅಗತ್ಯವಿಲ್ಲದಿರಬಹುದು, ಋಣವಿಲ್ಲವೆಂದು ಹೇಳುವಂತಿಲ್ಲ. ಅಗತ್ಯ ಮುಗಿದಲ್ಲಿ ಬಾಳಿಗೆ ಅರ್ಥ ಕೊಡಬಲ್ಲದ್ದು ಈ ಋಣದ ಅರಿವು.

ಮಹಾಭಾರತದ ಆ ಕೊನೆಯ ಭಾಗದಲ್ಲಿಯೇ ಇದಕ್ಕೂ ಸೂಚನೆಯಿದೆ. ಪಾಂಡವರು ಹೊರಡುವ ಮುನ್ನ ಧರ್ಮರಾಯನು ಪರೀಕ್ಷಿತನನ್ನು ಕೃಪಾಚಾರ್ಯರಿಗೆ ಶಿಷ್ಯನನ್ನಾಗಿ ಒಪ್ಪಿಸುತ್ತಾನೆ. ಕೃಪರು ಕುರುಕ್ಷೇತ್ರದಲ್ಲಿ ಎದುರು ಪಕ್ಷದಲ್ಲಿದ್ದವರು. ಆದರೂ ಅರ್ಜುನನ ಮೊಮ್ಮಗನಿಗೆ ವಿದ್ಯೆ ಹೇಳಲು ಆ ಮುದುಕರೇ ಉಳಿದುಕೊಂಡರು. ಯುದ್ಧ ಮುಗಿದ ಮೇಲೆ ಒಬ್ಬ ಯೋಧನು ಬಿಲ್ಲನ್ನು ಹೊತ್ತುಕೊಂಡು ಅಲೆದನು. ಇನ್ನೊಬ್ಬನು ಶಿಷ್ಯನ ಕೈಗೆ ಬಿಲ್ಲು ಹಿಡಿಸಿದನು. ಕೀರ್ತಿ ಮೊದಲನೆಯವನದು, ಕುರುವಂಶದ ಮುಂದಿನ ಕಥೆಗೆ ಆಧಾರವಾದವನು ಎರಡನೆಯವನು.

ಕರ್ನಾಟಕದ ಇನ್ನೊಬ್ಬ ಆಟಗಾರರ ನಡತೆ ಈ ಮಾತಿಗೆ ಸಾಕ್ಷಿಯಾಗಿದೆ. ರಾಹುಲ್ ದ್ರಾವಿಡರು 164 ಟೆಸ್ಟ್ ಪಂದ್ಯಗಳಲ್ಲಿ 13,288 ರನ್ನು ಗಳಿಸಿ 2012ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ಆಮೇಲೆ ಅವರು ಆರಿಸಿಕೊಂಡದ್ದು ಹತ್ತೊಂಬತ್ತು ವರ್ಷದೊಳಗಿನ ಹುಡುಗರ ತರಬೇತಿಯನ್ನು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಲಿಯು ಅವರಿಗೆ 50 ಲಕ್ಷ ರೂಪಾಯಿಯನ್ನೂ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷವನ್ನೂ ಘೋಷಿಸಿತು. ಒಂದೇ ಕೆಲಸಕ್ಕೆ ಎರಡು ಅಳತೆ ಏಕೆಂಬ ಅವರ ಆಕ್ಷೇಪದ ಫಲವಾಗಿ ಎಲ್ಲರಿಗೂ ಸಮನಾಗಿ 25 ಲಕ್ಷವಾಯಿತು. ತನ್ನ ಪಾಲು ಅರ್ಧವಾಗುವಂತೆ ಕೇಳಿ ಪಡೆದವರು ವಿರಳ. ಅದಕ್ಕೂ ಮೊದಲು, 2017ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಲು ಮುಂದಾದಾಗ, ಸಂಶೋಧನೆ ಮಾಡಿಯೇ ಅದನ್ನು ಗಳಿಸುವೆನೆಂದು ಅವರು ವಿನಯದಿಂದ ನಿರಾಕರಿಸಿದ್ದರು. 2007ರಲ್ಲಿ ಅವರ ನಾಯಕತ್ವದ ತಂಡವು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ವಿಶ್ವಕಪ್ಪಿನ ಮೊದಲ ಹಂತದಲ್ಲಿಯೇ ಹೊರಬಿದ್ದಿತ್ತು. 2024ರ ಜೂನ್ 29ರಂದು ಅದೇ ದ್ವೀಪಗಳ ಬಾರ್ಬಡೋಸ್‌ನಲ್ಲಿ, ಅವರು ಮುಖ್ಯ ತರಬೇತುದಾರರಾಗಿದ್ದ ತಂಡ ಟಿ-20 ವಿಶ್ವಕಪ್ಪನ್ನು ಗೆದ್ದಿತು. ತನ್ನ ದಾಂಡಿಗೆ ಸಿಗದಿದ್ದ ಫಲ ಪರರ ದಾಂಡಿನಿಂದ ಕೈಗೆ ಬಂದಿತು.

ಇಲ್ಲಿ ವಿವೇಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಗುರುಪೀಠವೂ ಒಂದು ಸಿಂಹಾಸನವಲ್ಲವೇ? ಆಟಗಾರನಾಗಿ ಪಡೆದ ಜಯಘೋಷವನ್ನು ಶಿಷ್ಯನ ಮೂಲಕ ಮತ್ತೆ ಕೇಳುವ ಹಂಬಲವೇ ಸೇವೆಯ ವೇಷ ತೊಟ್ಟಿರಬಾರದೇಕೆ? ಆಕ್ಷೇಪ ಸಾರವಿಲ್ಲದ್ದಲ್ಲ. ಅಹಂಕಾರವು ಬಿಲ್ಲಿನಲ್ಲಿ ಇರಬಲ್ಲದಾದರೆ ಗುರುವಿನ ಆಸನದಲ್ಲಿಯೂ ಇರಬಲ್ಲದು. ಮೇಲಾಗಿ ಎಲ್ಲ ಒಳ್ಳೆಯ ಆಟಗಾರರೂ ಒಳ್ಳೆಯ ಗುರುಗಳಾಗಲಾರರು. ಕೆಲವರ ಸೇವೆಗೆ ಬೇರೆ ಕ್ಷೇತ್ರಗಳಿವೆ. ಅನಿಲ್ ಕುಂಬ್ಳೆಯವರು ನಿವೃತ್ತಿಯ ತರುವಾಯ ಕರ್ನಾಟಕದ ವನ್ಯಜೀವಿ ಮಂಡಲಿಯ ಉಪಾಧ್ಯಕ್ಷರಾಗಿದ್ದರು. 2010ರಿಂದ ಮೂರು ವರ್ಷ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷತೆಯನ್ನು ಹೊತ್ತರು. ಜಾವಗಲ್ ಶ್ರೀನಾಥರು ಪಂದ್ಯಗಳ ರೆಫರಿಯಾಗಿ ಆಟದ ನ್ಯಾಯವನ್ನು ಕಾಯುವ ಕೆಲಸ ಹಿಡಿದರು. ಹೀಗೆ ಋಣ ತೀರಿಸುವ ಬಗೆ ಒಂದೇ ಅಲ್ಲ. ಅದನ್ನು ಒರೆಗೆ ಹಚ್ಚುವ ಕಲ್ಲು ಮಾತ್ರ ಒಂದೇ. ತನ್ನ ಹೆಸರು ಹಿಂದೆ ಸರಿದು ಇನ್ನೊಬ್ಬರ ಹೆಸರು ಮುಂದಕ್ಕೆ ಬಂದಾಗ ಅಂತರಂಗವು ಮುದುಡುತ್ತದೆಯೋ, ಅರಳುತ್ತದೆಯೋ? ಶಿಷ್ಯನು ಸೋತ ದಿನವೂ ಅವನ ಪಕ್ಕದಲ್ಲಿ ಕೂರಲು ಮನಸ್ಸು ಒಪ್ಪುತ್ತದೆಯೋ? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕವು ಲಕ್ಷ್ಯ ಸೇನ್‌ನ ಕೈತಪ್ಪಿದಾಗ, 69 ವರ್ಷದ ಪ್ರಕಾಶರು ಅವನ ತರಬೇತುದಾರರಾಗಿ ಅಲ್ಲಿದ್ದರು. ಆಟಗಾರರೂ ಹೊಣೆ ಹೊರಬೇಕೆಂದು ಅಂದು ಅವರಾಡಿದ ಮಾತನ್ನು ಕೆಲವರು ಮೆಚ್ಚಲಿಲ್ಲ. ಗುರುವಿನ ಆಸನದಲ್ಲಿ ಹೂಮಾಲೆಗಳಷ್ಟೇ ಬೀಳುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ನೆರೂಳಿನ ಆ ರಾತ್ರಿಗೆ ಮತ್ತೊಮ್ಮೆ ಮರಳಬೇಕು. ಗೆದ್ದ ತಂಡದ ತರಬೇತುದಾರರು ಮುಂಬಯಿಯ ಅಮೋಲ್ ಮುಜುಮ್‌ದಾರರು. 1988ರಲ್ಲಿ ಶಾರದಾಶ್ರಮ ಶಾಲೆಯ ಪರವಾಗಿ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್ನುಗಳ ಜೊತೆಯಾಟವಾಡಿದಾಗ, ಮುಂದೆ ಆಡಬೇಕಾಗಿದ್ದ ಬಾಲಕ ಅಮೋಲ್ ಕಾಲಿಗೆ ಪ್ಯಾಡು ಕಟ್ಟಿ ಕಾಯುತ್ತ ಕುಳಿತಿದ್ದನು. ಮುಂದೆ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರನ್ನು ಗಳಿಸಿದರೂ ಭಾರತದ ಪರವಾಗಿ ಆಡುವ ಕರೆ ಅವರಿಗೆ ಬರಲೇ ಇಲ್ಲ. ಪ್ರಕಾಶರಿಗೂ ದ್ರಾವಿಡರಿಗೂ ಆಟವು ಕೊಟ್ಟದ್ದು ಬಹಳ. ಇವರಿಗೆ ಕೊಡಬೇಕಾದದ್ದನ್ನೇ ಕೊಡಲಿಲ್ಲವೆಂದು ಹೇಳುವವರುಂಟು. ಆದರೂ ಇವರು ತಮಗೆ ಬಂದ ವಿದ್ಯೆಯನ್ನು ಕಿರಿಯರಿಗೆ ದಾಟಿಸಿದರು. ಋಷಿಋಣದಲ್ಲಿ ಲಾಭನಷ್ಟಗಳ ತಾಳೆ ನೋಡುವ ಪದ್ಧತಿಯಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೋಟ್ಯಧಿಪತಿ ಆಟಗಾರರ ಈ ವಿಚಾರ ನವಿ ಮುಂಬಯಿಯ ಮಧ್ಯಮ ವರ್ಗದವರಿಗೆ ಏಕೆ ಎಂದು ಕೇಳಬಹುದು. ಆಟಗಾರನ ಜೀವನವು ಎಲ್ಲರ ಜೀವನದ ಸಂಕ್ಷಿಪ್ತ ಪ್ರತಿ. ಇತರರಿಗೆ ಅರುವತ್ತರಲ್ಲಿ ಬರುವುದು ಅವನಿಗೆ ಮೂವತ್ತೈದರಲ್ಲಿಯೇ ಬರುತ್ತದೆ, ಅಷ್ಟೆ. ಸಾನಪಾಡಾ, ವಾಶಿ, ನೆರೂಳುಗಳ ಉದ್ಯಾನಗಳಲ್ಲಿ ಸಂಜೆ ಕುಳಿತಿರುವ ಹಿರಿಯರಲ್ಲಿ ಎಷ್ಟೋ ಮಂದಿ ತಮ್ಮ ತಮ್ಮ ಗಾಂಡೀವಗಳನ್ನು ಕೆಳಗಿಟ್ಟವರು. ಭವಿಷ್ಯನಿಧಿ ಕೈಸೇರಿದೆ, ಮನೆಯ ಸಾಲ ತೀರಿದೆ, ಮಕ್ಕಳು ನೆಲೆ ಕಂಡಿದ್ದಾರೆ. ಆದರೂ ಬೆಳಿಗ್ಗೆ ಎದ್ದಾಗ ಹಿಡಿಯಬೇಕಾದ ರೈಲು ಇಲ್ಲವೆಂಬ ಶೂನ್ಯತೆ ಹಲವರನ್ನು ಕಾಡುತ್ತದೆ. ಇವರಲ್ಲಿಯೇ ಕೆಲವರು ಹಿಂದೆ ಹಗಲು ಹೋಟೆಲುಗಳಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಮಂದ ಬೆಳಕಿನಲ್ಲಿ ಅಕ್ಷರ ಕಲಿತು ಮೇಲೆ ಬಂದವರು. ಹಗಲಿನ ನೌಕರಿಯಿಂದ ದಣಿದು ಬಂದು ಆ ಹುಡುಗರಿಗೆ ಪಾಠ ಹೇಳಿದ ಗುರುಗಳಲ್ಲಿ ಬಹುಪಾಲು ಮಂದಿ ಇಂದು ಇಲ್ಲ. ಅವರ ಸಾಲವನ್ನು ಎಲ್ಲಿ ಕಟ್ಟಬೇಕು? ಮೇಲಿನ ಮಹಡಿಯಲ್ಲಿ ಕನ್ನಡ ಓದಲು ಬಾರದ ಮೊಮ್ಮಗುವಿದೆ. ಕೆಳಗಿನ ಮನೆಯಲ್ಲಿ ಗಣಿತಕ್ಕೆ ಹೆದರುವ ಬಾಲಕನಿದ್ದಾನೆ. ಅರ್ಜಿ ಬರೆಯಲು ತಿಳಿಯದ ಕಾವಲುಗಾರ ಬಾಗಿಲಲ್ಲಿಯೇ ಇದ್ದಾನೆ. ಋಣ ಸಂದಾಯದ ಕಟ್ಟೆ ಮನೆಯ ಮೆಟ್ಟಿಲಿನಷ್ಟು ಹತ್ತಿರದಲ್ಲಿದೆ.

ವಿಜಯದಶಮಿಯಂದು ಕನ್ನಡಿಗರು ಬನ್ನಿಯ ಎಲೆಯನ್ನೂ ಮರಾಠಿ ಬಾಂಧವರು ಆಪಟೆಯ ಎಲೆಯನ್ನೂ ಬಂಗಾರವೆಂದು ಪರಸ್ಪರ ಕೊಡುತ್ತಾರೆ. ಸಾನಪಾಡಾದ ಕಟ್ಟಡಗಳಲ್ಲಿ ಎರಡೂ ಎಲೆಗಳು ಒಂದೇ ಮೆಟ್ಟಿಲಲ್ಲಿ ಕೈ ಬದಲಾಯಿಸುತ್ತವೆ. ಈ ಆಚರಣೆಯ ಹಿಂದೆ ರಘು ಮಹಾರಾಜನ ಕಥೆಯನ್ನು ಹೇಳುವುದುಂಟು. ದಿಗ್ವಿಜಯ ಮುಗಿಸಿದ ರಘುವು ಗಳಿಸಿದ್ದೆಲ್ಲವನ್ನೂ ವಿಶ್ವಜಿತ್ ಯಾಗದಲ್ಲಿ ದಾನ ಮಾಡಿ, ಮಣ್ಣಿನ ಪಾತ್ರೆಯೊಂದಿಗೆ ಉಳಿದಿದ್ದನು. ಆಗ ಕೌತ್ಸನೆಂಬ ಬ್ರಹ್ಮಚಾರಿ ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಲು ಬಂದನು. ಕುಬೇರನು ಹೊನ್ನಿನ ಮಳೆಯನ್ನೇ ಸುರಿಸಿದನು. ಎಲ್ಲವನ್ನೂ ತೆಗೆದುಕೊ ಎಂದು ರಘು ಬಲವಂತಪಡಿಸಿದರೆ, ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಹೊನ್ನೂ ಹೆಚ್ಚು ಒಲ್ಲೆನೆಂದು ಕೌತ್ಸನು ನಿಂತನು. ಉಳಿದದ್ದು ಊರವರ ಪಾಲಾಯಿತು. ಗೆದ್ದವನು ಕೂಡಿಡಲಿಲ್ಲ, ಬೇಡಿದವನು ಮಿತಿ ಮೀರಲಿಲ್ಲ, ಇಬ್ಬರ ನಡುವೆ ನಿಂತದ್ದು ಗುರುವಿನ ಋಣವೊಂದೇ.

ಆಯುಧಪೂಜೆಯ ದಿನ ಸಾಧನಗಳಿಗೆ ಕುಂಕುಮವಿಡುವಾಗ, ಒಂದು ದಿನ ಇವೆಲ್ಲ ಎರವಲಿನ ವಸ್ತುಗಳಾಗಿ ಹಿಂದಿರುಗಬೇಕಾದವು ಎಂಬ ನೆನಪು ಇರಲಿ. ಹಿಂದಿರುಗಿಸುವ ಮುನ್ನ ಒಂದು ಎಳೆಯ ಕೈಗೆ ಅವುಗಳ ಬಳಕೆಯನ್ನು ಕಲಿಸಿರುವ ಭಾಗ್ಯ ಪ್ರತಿಯೊಬ್ಬರದಾಗಲಿ. ತಾಯಿ ಚಾಮುಂಡೇಶ್ವರಿಯು ಗೆಲ್ಲುವ ಶಕ್ತಿಯನ್ನು ಕಿರಿಯರಿಗೂ, ಗೆಲುವನ್ನು ದಾಟಿಸುವ ಶಕ್ತಿಯನ್ನು ಹಿರಿಯರಿಗೂ ಕರುಣಿಸಲಿ.